ಹೆಬ್ಬಾತಿಗೆ ದಾರಿ ಕಲಿಸಿದವರು

ಮಾರ್ಗಶಿರದ ಮುಂಜಾವಿನಲ್ಲಿ ಎಂದಾದರೂ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಏರಿಯ ಮೇಲೆ ನೀವು ನಿಂತಿದ್ದುಂಟೆ? ನಿಂತಿದ್ದರೆ ಆ ಕಲರವವನ್ನು ಮರೆತಿರಲಾರಿರಿ. ಹೊಲಗಳಲ್ಲಿ ಮೇದು ಬಂದ ಹಕ್ಕಿಗಳು ಸಾಲುಸಾಲಾಗಿ ಕೂಗುತ್ತ ನೀರಿಗಿಳಿಯುತ್ತವೆ. ಬೂದು ಮೈ, ಬಿಳಿಯ ತಲೆ, ತಲೆಯ ಹಿಂಬದಿಗೆ ಕಾಡಿಗೆಯಿಂದ ಎಳೆದಂತೆ ಎರಡು ಕಪ್ಪು ಪಟ್ಟೆ. ಪಟ್ಟೆತಲೆಯ ಹೆಬ್ಬಾತು ಎಂದು ಅದರ ಹೆಸರು.

ಇವು ಮೊಟ್ಟೆಯಿಟ್ಟು ಮರಿಮಾಡುವುದು ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ, ಮಂಗೋಲಿಯದ ಜೌಗುನೆಲಗಳಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಮುನ್ನ ಹೊರಟು, ಹಿಮಾಲಯವನ್ನು ದಾಟಿ, ನವೆಂಬರ್ ವೇಳೆಗೆ ನಮ್ಮಲ್ಲಿಗೆ ಬರುತ್ತವೆ. ಬೇಸಗೆ ಬಲಿಯುವ ಮೊದಲೇ ಮರಳುತ್ತವೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡದ್ದುಂಟು. ಉಪಗ್ರಹದ ನೆರವಿನಿಂದ ಹಿಂಬಾಲಿಸಿದಾಗ ಒಂದು ಹಕ್ಕಿ 7,290 ಮೀಟರು ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿಯ ತೆಳುಗಾಳಿಯಲ್ಲಿ ನಾವಾದರೆ ನಾಲ್ಕು ಹೆಜ್ಜೆಗೇ ಏದುಸಿರು ಬಿಟ್ಟೇವು. ಇವುಗಳ ರಕ್ತಕ್ಕೆ ಆಮ್ಲಜನಕವನ್ನು ಹೀರಿ ಹಿಡಿಯುವ ಶಕ್ತಿ ಹೆಚ್ಚು.

ಹಿಂದೊಮ್ಮೆ ನಾನು ತರಗತಿಯಲ್ಲಿ ಮಾನಸ ಸರೋವರದ ಹಂಸಗಳ ವಿಷಯ ಹೇಳುತ್ತಿದ್ದೆ. ಹುಡುಗನೊಬ್ಬ ಎದ್ದು, "ಅವಕ್ಕೆ ದಾರಿ ಕಲಿಸಿದವರು ಯಾರು, ಸಾರ್?" ಎಂದ. "ಹುಟ್ಟುಗುಣವಪ್ಪಾ, ಕುಳಿತುಕೊ" ಎಂದುಬಿಟ್ಟೆ. ಆ ಉತ್ತರ ಅರ್ಧ ಮಾತ್ರ ಸರಿಯೆಂದು ಆಮೇಲೆ ಓದಿ ತಿಳಿದೆ. ಹೊರಡಬೇಕೆಂಬ ತುಡಿತ ಹುಟ್ಟಿನೊಡನೆ ಬರುತ್ತದೆ, ನಿಜ. ಆದರೆ ಯಾವ ದಾರಿ ಹಿಡಿಯಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಹೆಬ್ಬಾತಿನ ಮರಿಗಳು ತಂದೆತಾಯಿಗಳ ಜೊತೆ ಹಾರಿಯೇ ಕಲಿಯುತ್ತವೆ. ಚಳಿಗಾಲವೆಲ್ಲ ಸಂಸಾರ ಒಟ್ಟಿಗೇ ಇರುತ್ತದೆ.

ಕಲಿಸುವ ಹಿರಿಯರಿಲ್ಲದಿದ್ದರೆ? ಇಂಗ್ಲೆಂಡನ್ನು ನೋಡಿ. 17ನೆಯ ಶತಮಾನದಲ್ಲಿ ಅಲ್ಲಿಯ ಅರಸರ ಉದ್ಯಾನಕ್ಕೆ ಉತ್ತರ ಅಮೆರಿಕದಿಂದ ಕೆನಡಾ ಹೆಬ್ಬಾತುಗಳನ್ನು ತಂದರು. ತವರಿನಲ್ಲಿ ದೂರದೂರ ವಲಸೆ ಹೋಗುವ ಕುಲ ಅದು. ಸಾಕಿದವರ ಕೈಬಿಟ್ಟು ಸ್ವತಂತ್ರವಾದ ಅವುಗಳ ಸಂತತಿ ಇಂದು ಅಲ್ಲಿಯ ಕೊಳ, ಹುಲ್ಲುಹಾಸುಗಳಲ್ಲಿ ಬಹುಮಟ್ಟಿಗೆ ವರ್ಷವಿಡೀ ನೆಲೆಸಿದೆ. ಮೇವು ಸಾಕಷ್ಟಿದೆ, ಚಳಿ ಮಿತವಾಗಿದೆ. ಪೂರ್ವಿಕರ ದಾರಿ ಮಾತ್ರ ಅಳಿಸಿಹೋಗಿದೆ.

ಕಲಿಸುವವರು ಸಿಕ್ಕರೆ? 1993ರಲ್ಲಿ ಕೆನಡಾದ ಬಿಲ್ ಲಿಶ್‌ಮನ್ ಎಂಬವರು ಜೊತೆಗಾರನೊಡನೆ ಪುಟ್ಟ ವಿಮಾನಗಳನ್ನೇರಿ, ಸಾಕಿದ 18 ಹೆಬ್ಬಾತುಗಳನ್ನು ಬೆನ್ನಹಿಂದೆ ಹಾರಿಸಿಕೊಂಡು, ಒಂಟಾರಿಯೋದಿಂದ ಅಮೆರಿಕದ ವರ್ಜೀನಿಯಕ್ಕೆ ಕರೆದೊಯ್ದರು. ಮರುವಸಂತದಲ್ಲಿ ಹೆಚ್ಚಿನವು ಯಾರ ನೆರವೂ ಇಲ್ಲದೆ ಮರಳಿದವು. ಒಂದೇ ಸಲದ ಪಾಠ ಸಾಕಾಯಿತು!

ಈಗ ನಮ್ಮ ಕೆರೆಗಳಿಗೆ ಬನ್ನಿ. ಮಾಗಡಿ ಕೆರೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು, ಸಂತೋಷವೇ. ಆದರೆ ಯಾವ ಪಟ್ಟಿಗೂ ಸೇರದ ಎಷ್ಟೋ ಕೆರೆಗಳು ಹೂಳು ತುಂಬಿ, ನಿವೇಶನಗಳಾಗಿ ಹೋಗಿವೆ. ಕೆರೆ ಇಲ್ಲವಾಗಿ ಹಿರಿಯ ಹಕ್ಕಿಗಳು ಬೇರೆಡೆಗೆ ತಿರುಗಿದರೆ, ಅವುಗಳ ಹಿಂದೆ ಹಾರುವ ಮರಿಗಳಿಗೆ ನಮ್ಮೂರಿನ ದಾರಿ ತಿಳಿಯುವುದೇ ಇಲ್ಲ. ಮುಂದೊಂದು ದಿನ ನಾವು ಕೆರೆ ತುಂಬಿಸಿದರೂ ಅವನ್ನು ಕರೆತರುವವರು ಯಾರು?

ಆ ಹುಡುಗನಿಗೆ ನಾನು ಹೇಳದೆ ಉಳಿಸಿದ ಅರ್ಧ ಉತ್ತರ ಇದು. ಈ ಚಳಿಗಾಲದಲ್ಲಿ ನಿಮ್ಮ ಮಕ್ಕಳನ್ನು ಹತ್ತಿರದ ಕೆರೆಗೆ ಒಮ್ಮೆ ಕರೆದುಕೊಂಡು ಹೋಗಿ. ದಾರಿ ಅವರಿಗೂ ತಿಳಿದಿರಲಿ.