ಕಸುವಿದ್ದಾಗಿನ ಗೆಲುವು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಕುಸ್ತಿ ಎಂದರೆ ಈಗಲೂ ಕಿವಿ ನೆಟ್ಟಗಾಗುವ ಹಿರಿಯರಿದ್ದಾರೆ. ಕೊಳ್ಳೇಗಾಲದ ಟೀ ಅಂಗಡಿಯೊಂದರಲ್ಲಿ ಅಂಥ ಇಬ್ಬರ ವಾದ ನನ್ನ ಕಿವಿಗೆ ಬಿತ್ತು.

"ಮೈಯಲ್ಲಿ ಕಸುವಿದ್ದಾಗ ಕೆಡವುದ್ರೇ ಗೆಲುವು ಕನ್ಲಾ."

"ಅವತ್ತು ನಿನ್ನ ಕೆಡವಿದವನ್ನ ವಯಸ್ಸಾದ ಮೇಲೆ ಕೆಡವು ನೋಡಾನ!"

ಟೀ ಆರಿ ಕೆನೆ ಕಟ್ಟಿತು, ವಾದ ಮುಗಿಯಲಿಲ್ಲ.

ನನಗೆ ನೆನಪಾದವರು ಪ್ರಕಾಶ್ ಪಡುಕೋಣೆ. 1980ರ ಮಾರ್ಚ್‌, ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್. ಎದುರಿಗೆ ಹಿಂದಿನ ಎರಡೂ ವರ್ಷ ಗೆದ್ದಿದ್ದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಇಬ್ಬರಿಗೂ 24ರ ಪ್ರಾಯ. 15-3, 15-10ರಲ್ಲಿ ಪ್ರಕಾಶ್ ಗೆದ್ದರು. ಮರುವರ್ಷದ ಫೈನಲ್‌ನಲ್ಲಿ ಕಿಂಗ್ ಸೇಡು ತೀರಿಸಿಕೊಂಡರು, ಆ ಮಾತು ಬೇರೆ. ಎರಡು ಸಲವೂ ಸೋತವರಿಗೆ ವಯಸ್ಸಿನ ನೆಪವಿರಲಿಲ್ಲ.

ಹಾಗಾದರೆ ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ? 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಪುರುಷರ ಡಬಲ್ಸ್‌ನಲ್ಲಿ ಅದೇ ಅವರ ಮೊದಲ ಗ್ರ್ಯಾಂಡ್ ಸ್ಲಾಮ್. ಸವೆದ ಮೊಣಕಾಲುಗಳನ್ನು ಅಯ್ಯಂಗಾರ್ ಯೋಗದಿಂದ ಪಳಗಿಸಿಕೊಂಡು ಆಡಿದ ಆಟ ಅದು. ತಾಳುಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹತ್ತಿದವರಿಗೆ ಮೊಣಕಾಲಿನ ಬೆಲೆ ಗೊತ್ತು.

ಆದರೆ ಗಮನಿಸಿ, ಬೋಪಣ್ಣ ಮಣಿಸಿದ್ದು ಮುಪ್ಪಾದ ಹಳೆಯ ವೈರಿಯನ್ನಲ್ಲ. ಎದುರಿಗಿದ್ದ ಇಟಲಿಯ ಇಬ್ಬರೂ ಅವರಿಗಿಂತ ಕಿರಿಯರು. ಅದಕ್ಕೇ ಆ ಗೆಲುವಿಗೆ ತೂಕ. ವೈರಿಯ ಕಸುವು ಇಳಿಯಲೆಂದು ಕಾದು ಕೂತು ಕೆಡವಿದ್ದನ್ನು ನಾನಂತೂ ಲೆಕ್ಕಕ್ಕೆ ಹಿಡಿಯಲಾರೆ. ಟೀ ಅಂಗಡಿಯ ಮೊದಲನೆಯ ಹಿರಿಯರಿಗೇ ನನ್ನ ಓಟು.