ಸೋರುವ ಮಾಡಿಗೆ ವಿಮೆ ಹಣ ಯಾವಾಗ ಬರುತ್ತದೆ?



ಜೂನ್ ಮೊದಲ ವಾರದಲ್ಲಿ ಮುಂಗಾರು ನಮ್ಮ ಕರಾವಳಿ ಮುಟ್ಟುವುದು ವಾಡಿಕೆ. ಆರಿದ್ರಾ ಮಳೆ ಹಿಡಿದ ಮೇಲೆ ಮಾಡಿಗೆ ಕೆಲಸದವರನ್ನು ಹತ್ತಿಸುವುದು ಆಗದ ಮಾತು. ಹಾಗಾಗಿ ಮನೆ ಸೋರಿದರೆ ಖರ್ಚು ಹೇಗೆ ಲೆಕ್ಕ ಹಾಕಬೇಕು, ವಿಮೆ ಕಂಪನಿ ಯಾವಾಗ ದುಡ್ಡು ಕೊಡುತ್ತದೆ, ಯಾವಾಗ ಇಲ್ಲ ಅನ್ನುತ್ತದೆ ಎಂಬುದನ್ನು ಮಳೆಗೆ ಮುಂಚೆಯೇ ಮಾತಾಡೋಣ.

ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಗೊಂದಲ ಬಗೆಹರಿಯುತ್ತದೆ. ನಿಮ್ಮ ಮನೆಯ ಸೋರಿಕೆಗೆ ಒಂದು ತಾರೀಖು ಇದೆಯೇ? ಇಂಥ ದಿನ, ಇಂಥ ಹೊತ್ತಿಗೆ, ಇಂಥದ್ದು ನಡೆಯಿತು, ಆಮೇಲೆ ಸೋರಿತು ಎಂದು ಹೇಳಲು ಬರುತ್ತದೆಯೇ? ಬರುವುದಾದರೆ ಅದು ವಿಮೆಯ ವಿಷಯ. "ಮೂರ್ನಾಲ್ಕು ವರ್ಷದಿಂದ ಪ್ರತಿ ಮಳೆಗಾಲ ಹೀಗೇ" ಎನ್ನುವುದಾದರೆ ಅದು ಮೇಸ್ತ್ರಿಯ ವಿಷಯ, ಖರ್ಚು ನಿಮ್ಮದೇ.

ಯಾಕೆ ಹೀಗೆ? ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಮನೆಗಳಿಗಾಗಿ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಜಾರಿಗೆ ತಂದಿದೆ. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಷರತ್ತುಗಳು ಒಂದೇ. ಅದರಲ್ಲಿ ಅಪಾಯಗಳ ಪಟ್ಟಿ ಇದೆ: ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಪ್ರವಾಹ, ಭೂಕುಸಿತ, ಹೊರಗಿನ ವಸ್ತು ಬಂದು ಬಡಿಯುವುದು, ನೀರಿನ ಟ್ಯಾಂಕ್ ಮತ್ತು ಪೈಪ್ ಒಡೆಯುವುದು ಇತ್ಯಾದಿ. ಪಟ್ಟಿಯಲ್ಲಿರುವುದು ನಡೆದರೆ ಪರಿಹಾರ. ಕಾಂಕ್ರೀಟಿಗೆ ವಯಸ್ಸಾಗುವುದು, ಗೋಡೆ ನಿಧಾನಕ್ಕೆ ನೀರು ಹೀರುವುದು, ಪಕ್ಕಾಸಿಗೆ ಗೆದ್ದಲು ಹಿಡಿಯುವುದು ಆ ಪಟ್ಟಿಯಲ್ಲಿಲ್ಲ.

ಉದಾಹರಣೆಗೆ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಹೊಡೆದುಕೊಂಡು ಹೋಯಿತು. ಅಂಥ ಗಾಳಿಗೆ ಮಂಗಳೂರು ಹಂಚು ಹಾರಿ ಒಳಗೆ ನೀರು ಬಿದ್ದರೆ ಅದಕ್ಕೆ ತಾರೀಖು ಇದೆ. ಪಕ್ಕದ ತೆಂಗಿನಮರ ಮಾಡಿನ ಮೇಲೆ ಉರುಳಿದರೂ ಅಷ್ಟೇ. ಆದರೆ ಬೆಂಗಳೂರಿನ ಇಪ್ಪತ್ತು ವರ್ಷದ ಆರ್‌ಸಿಸಿ ಮನೆಯ ತಾರಸಿಯ ಸಣ್ಣ ಬಿರುಕಿನಿಂದ ಮಳೆನೀರು ಇಳಿದು ಬೆಡ್‌ರೂಮಿನ ಮೂಲೆಯಲ್ಲಿ ಬೂಸ್ಟು ಹಿಡಿದಿದ್ದರೆ, ಮಳೆ ಎಷ್ಟೇ ಜೋರಾಗಿದ್ದರೂ ಕ್ಲೇಮ್ ನಿಲ್ಲುವುದು ಕಷ್ಟ. ಬಿರುಕು ಮೊದಲೇ ಇತ್ತು, ಮಳೆ ಅದನ್ನು ತೋರಿಸಿಕೊಟ್ಟಿತು ಅಷ್ಟೇ ಎನ್ನುತ್ತಾರೆ ಹಾನಿ ನೋಡಲು ವಿಮೆ ಕಂಪನಿ ಕಳಿಸುವ ಸರ್ವೇಯರ್.

ಮೊದಲು ನಮ್ಮ ಕೈಯಿಂದ ಆಗುವ ಖರ್ಚಿನ ಮಾತು. ಕಾರಣ ಗೊತ್ತಾಗುವ ಮುಂಚೆ ರೇಟು ಕೇಳಬೇಡಿ. ಚಾವಣಿ ಬೇಸಿಗೆಯಲ್ಲೂ ಒದ್ದೆಯಾಗಿದ್ದರೆ ತಪ್ಪು ತಾರಸಿಯದಲ್ಲದಿರಬಹುದು. ಪೈಪನ್ನೋ ಮೇಲಿನ ಮನೆಯ ಬಚ್ಚಲನ್ನೋ ನೋಡಿ. ಮಳೆಗಾಲದಲ್ಲಿ ಮಾತ್ರ ಆದರೆ ಮೂರು ಜಾಗ ಪರೀಕ್ಷಿಸಿ: ಮಳೆನೀರು ಹೊರಹೋಗುವ ಪೈಪಿನ ಬಾಯಿ, ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಅಂಚು, ಟ್ಯಾಂಕಿನ ಬುಡ. ಎಷ್ಟೋ ಮನೆಗಳಲ್ಲಿ ಪೈಪಿನ ಬಾಯಿಗೆ ತರಗೆಲೆ ಸಿಕ್ಕಿ ನೀರು ನಿಲ್ಲುವುದೇ ರೋಗದ ಮೂಲ.

ಖರ್ಚು ಮೂರು ಹಂತದ್ದು. ಪೈಪ್ ಚೊಕ್ಕ ಮಾಡಿ, ಬಿರುಕು ಮುಚ್ಚುವುದು ಒಂದೆರಡು ದಿನದ ಗಾರೆ ಕೆಲಸ. ಇಡೀ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸುವುದು ಎರಡನೆಯದು. ಇದಕ್ಕೆ ಚದರಡಿ ಲೆಕ್ಕ. ಮೂವತ್ತು–ನಲವತ್ತು ಸೈಟಿನ ಮನೆಗೆ 900 ಚದರಡಿ ತಾರಸಿ, ರೇಟು 40 ರೂಪಾಯಿ ಎಂದಿಟ್ಟುಕೊಂಡರೆ 36,000 ರೂಪಾಯಿ. ನಿಮ್ಮ ಊರಿನ ರೇಟು ಹಾಕಿ ಲೆಕ್ಕ ಮಾಡಿಕೊಳ್ಳಿ. ಚಾವಣಿಯ ಗಾರೆ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ ಅದು ಮೂರನೆಯ ಹಂತ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಮೇಲೆ ಬಣ್ಣ ಬಳಿದರೆ ಅದು ನಿಲ್ಲುವುದಿಲ್ಲ. ಇಂಥಲ್ಲಿ ಮೇಸ್ತ್ರಿಗೆ ಮುಂಚೆ ಎಂಜಿನಿಯರನ್ನು ಕರೆಸಿ.

ಹಂಚಿನ ಮನೆಯವರು ಮೇ ತಿಂಗಳಲ್ಲೇ ಕೋತಿ ಒಡೆದ ಹಂಚು ಬದಲಿಸಿ, ರೀಪು, ಪಕ್ಕಾಸು ತಟ್ಟಿ ನೋಡಿ. ಯಾರಿಗೇ ಕೆಲಸ ಕೊಟ್ಟರೂ ಹಳೆ ಪದರ ಕೀಳುತ್ತಾರೋ ಇಲ್ಲವೋ, ಎಷ್ಟು ಕೋಟ್ ಬಳಿಯುತ್ತಾರೆ, ನೀರು ಹರಿಯಲು ಇಳಿಜಾರು ಕೊಡುತ್ತಾರೋ, ಗ್ಯಾರಂಟಿ ಎಷ್ಟು ವರ್ಷ ಎಂಬುದನ್ನು ಬರೆಸಿಕೊಳ್ಳಿ. ಬಿಲ್ ತೆಗೆದುಕೊಳ್ಳಿ. ನಾಳೆ ಗಾಳಿಗೆ ಮಾಡು ಹಾಳಾದಾಗ "ಮನೆಯನ್ನು ನಾನು ಚೆನ್ನಾಗಿಯೇ ಇಟ್ಟುಕೊಂಡಿದ್ದೆ" ಎಂದು ಸರ್ವೇಯರ್ ಮುಂದೆ ಸಾಕ್ಷಿ ಹೇಳುವುದು ಅದೇ ಬಿಲ್. ಜೊತೆಗೆ ಮಾಡು, ಚಾವಣಿ, ಗೋಡೆಗಳ ಫೋಟೋ ಈ ವಾರವೇ ತೆಗೆದಿಡಿ.

ಇನ್ನು ಪಾಲಿಸಿ. ಗೃಹಸಾಲ ತೆಗೆದವರು "ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸಿದ್ದಾರೆ" ಎಂದು ನಿಶ್ಚಿಂತರಾಗಿರುತ್ತಾರೆ. ಕಾಗದ ತೆಗೆದು ಓದಿ. ಎಷ್ಟೋ ಸಲ ಅದು ಸಾಲಗಾರನ ಜೀವಕ್ಕೆ ಮಾಡಿಸಿದ ವಿಮೆಯಾಗಿರುತ್ತದೆ, ಕಟ್ಟಡಕ್ಕಲ್ಲ. ಕಟ್ಟಡದ ವಿಮೆಯಲ್ಲಿ ಜಾಗದ ಬೆಲೆ ಸೇರುವುದಿಲ್ಲ. ಮತ್ತೆ ಕಟ್ಟಲು ಬೇಕಾಗುವ ಖರ್ಚಷ್ಟೇ ಲೆಕ್ಕ. 1,000 ಚದರಡಿಗೆ 2,000 ರೂಪಾಯಿಯಂತೆ ಹಿಡಿದರೆ 20 ಲಕ್ಷ. ಗೃಹ ರಕ್ಷಾದಲ್ಲಿ ಕಟ್ಟಡದ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೂ ತಾನಾಗಿಯೇ ಸೇರುತ್ತದೆ. ಈ ಲೆಕ್ಕದಲ್ಲಿ 4 ಲಕ್ಷ. ಮಾಡು ಹಾರಿ ಟಿವಿ, ಮಂಚ, ಬೀರು ನೆನೆದು ಹಾಳಾದಾಗ ಇದು ನೆನಪಿರಲಿ. ಆದರೆ ಹಂಚಿನ ಮಾಡು ಹೋಯಿತೆಂದು ಆರ್‌ಸಿಸಿ ಹಾಕಿಸಿದರೆ ಹೆಚ್ಚುವರಿ ಖರ್ಚನ್ನು ಕಂಪನಿ ಕೊಡುವುದಿಲ್ಲ.

ಗಾಳಿಮಳೆಯಲ್ಲಿ ಹಾನಿಯಾದರೆ ಮೊದಲು ಮನೆಮಂದಿಯ ಜೀವ, ಕರೆಂಟಿನ ಮೇನ್ ಸ್ವಿಚ್ಚು. ಆಮೇಲೆ ಫೋಟೋ, ವಿಡಿಯೋ. ಅದಾದ ಮೇಲೆ ಟಾರ್ಪಾಲು. ಹಾನಿ ಹೆಚ್ಚದಂತೆ ತಡೆಯುವುದು ಪಾಲಿಸಿದಾರರ ಹೊಣೆ, ಆದ್ದರಿಂದ ಸರ್ವೇಯರ್ ಬರಲಿ ಎಂದು ಮಳೆಯಲ್ಲಿ ಮಾಡು ತೆರೆದಿಟ್ಟು ಕೂರಬೇಡಿ. ಒಡೆದ ಹಂಚು, ಬಾಗಿದ ಶೀಟು ಮಾತ್ರ ಅವರು ನೋಡುವವರೆಗೆ ಎಸೆಯಬೇಡಿ. ಕಂಪನಿಗೆ ತಡಮಾಡದೆ ತಿಳಿಸಿ, ಕ್ಲೇಮ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಆ ದಿನದ ಗಾಳಿಮಳೆಯ ಸುದ್ದಿ ಬಂದ ಪತ್ರಿಕೆಯ ತುಣುಕೂ ಇರಲಿ. ತಾರೀಖಿಗೆ ಅದು ಆಧಾರ.

ವಿಮೆ ಇಲ್ಲದವರು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಮಹಜರು ಮಾಡಿಸಿ. ಸರ್ಕಾರದ ನೆರವನ್ನೇ ನಂಬಿ ಕೂರಬೇಡಿ. ಕೇಂದ್ರದ ವಿಪತ್ತು ನಿಧಿಯ 2022ರ ಮಾನದಂಡದಂತೆ, ಶೇಕಡಾ 15ಕ್ಕಿಂತ ಕಡಿಮೆಯಿಲ್ಲದಂತೆ ಭಾಗಶಃ ಹಾನಿಯಾದ ಪಕ್ಕಾ ಮನೆಗೆ ಸಿಗುವುದು 6,500 ರೂಪಾಯಿ. ರಾಜ್ಯ ಕೆಲವೊಮ್ಮೆ ಹೆಚ್ಚು ಸೇರಿಸುತ್ತದೆ, ಆದರೆ ಅದು ಆಯಾ ಕಾಲದ ತೀರ್ಮಾನ.

ಕ್ಲೇಮ್ ತಿರಸ್ಕಾರವಾದರೆ ಕಾರಣ ಬರಹದಲ್ಲಿ ಕೇಳಿ. ಪಾಲಿಸಿಯ ಯಾವ ಷರತ್ತಿನಡಿ ಎಂದು ನಮೂದಿಸಲು ಹೇಳಿ. ಒಪ್ಪಿಗೆಯಾಗದಿದ್ದರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು. ಪ್ರಾಧಿಕಾರದ ಸಹಾಯವಾಣಿ 155255.

ಈ ಭಾನುವಾರ ಎರಡು ಕೆಲಸ ಮುಗಿಸಿ. ತಾರಸಿ ಹತ್ತಿ ಪೈಪಿನ ಬಾಯಿ ಚೊಕ್ಕ ಮಾಡಿ. ಕೆಳಗಿಳಿದು ಬಂದು ಪಾಲಿಸಿಯಲ್ಲಿ ಕಟ್ಟಡದ ಹೆಸರು ಇದೆಯೋ, ಅವಧಿ ಯಾವತ್ತಿಗೆ ಮುಗಿಯುತ್ತದೆ ನೋಡಿ. ತಾರೀಖಿಲ್ಲದ ಸೋರಿಕೆಯನ್ನು ನೀವೇ ಮಳೆಗೆ ಮುಂಚೆ ಸರಿಮಾಡಿಸಿಕೊಂಡರೆ, ತಾರೀಖಿರುವ ಸೋರಿಕೆಗೆ ದುಡ್ಡು ಕೇಳುವಾಗ ನಿಮ್ಮ ಮಾತಿಗೆ ಬಲ ಬರುತ್ತದೆ.