ನಾಯಿಯ ಪಾಲಿನ ಅರ್ಧ ಗಂಟೆ



ಮುಂಬಯಿಯ ಚಿಕ್ಕ ಮನೆಗಳಲ್ಲಿ ನಾಯಿ ಸಾಕುವ ನಾವು ಸಂಜೆ ಅದನ್ನು ತಿರುಗಾಡಿಸಲು ಒಯ್ಯುತ್ತೇವಷ್ಟೆ. ಅದು ಕಂಬದ ಬುಡ ಮೂಸುತ್ತ ನಿಂತರೆ ಹಗ್ಗ ಜಗ್ಗುವುದು ಊರಿನ ರೂಢಿ. ನಾವು ಕಣ್ಣಿನಿಂದ ಬೀದಿಯನ್ನು ಅರಿಯುವಂತೆ ನಾಯಿ ಮೂಗಿನಿಂದ ಅರಿಯುತ್ತದೆ. ಮೂಸಗೊಡದಿದ್ದರೆ ಕಣ್ಣು ಕಟ್ಟಿ ನಡೆಸಿದಂತೆಯೇ ಸರಿ. ಬೇಸಗೆಯ ಡಾಮರು ಅದರ ಬರಿಗಾಲನ್ನು ಸುಡುತ್ತದೆ. ಹೊರಡುವ ಮುನ್ನ ನೆಲಕ್ಕೆ ಅಂಗೈಯಿಟ್ಟು ನೋಡಿದರೆ ತಿಳಿದೀತು. ಸದಾ ಕಟ್ಟಿಹಾಕುವ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಕ್ರೌರ್ಯವೆಂದೇ ಎಣಿಸಿದೆ. ಆದರೆ ಕಾಯಿದೆ ಹೊರಗೆ ಒಯ್ಯಿಸೀತು, ಅಕ್ಕರೆ ತರಿಸಲಾರದು. ದಿನವೆಲ್ಲ ಬಾಗಿಲು ನೋಡುತ್ತ ಕುಳಿತ ಜೀವಕ್ಕೆ ಆ ಅರ್ಧ ಗಂಟೆಯೇ ಜಾತ್ರೆ. ಅಷ್ಟು ಹೊತ್ತು ಫೋನನ್ನು ಜೇಬಿನಲ್ಲಿಟ್ಟು, ಅದು ನಿಂತಲ್ಲಿ ನಾವೂ ನಿಲ್ಲೋಣ.